ಬುಗುರಿ ಬಿಡಿ, ಸಿಲಿಕಾನ್ ಹಿಡಿಯಿರಿ

ನಮಸ್ಕಾರ.

ಎಲೆಕ್ಟ್ರಾನಿನ ಸ್ಪಿನ್ (ಅದನ್ನು ಪುಟ್ಟ ಅಯಸ್ಕಾಂತದಂತೆ ಮಾಡುವ ಗುಣ) ಬಳಸಿ ಕ್ವಾಂಟಮ್ ಕಂಪ್ಯೂಟರ್ ಕಟ್ಟುವ ಬಗ್ಗೆ ನೀವು ಕಳಿಸಿದ ಲೇಖನವನ್ನು ಎರಡು ಸಲ ಓದಿದೆ. ಇದ್ದ ಹಾಗೇ ಹಾಕಲು ಆಗುವುದಿಲ್ಲ. ಬಿಟ್ಟುಬಿಡಲೂ ಮನಸ್ಸಿಲ್ಲ.

ಮೊದಲು ಆ ಬುಗುರಿ. ಎಲೆಕ್ಟ್ರಾನ್ ಬುಗುರಿಯಂತೆ ಸುತ್ತುತ್ತದೆ ಎಂದು ಆರು ಕಡೆ ಬರೆದಿದ್ದೀರಿ. ಒಂದು ಕಡೆ ಸಾಕಿತ್ತು, ಅದೂ ಹಾಗಲ್ಲ ಎಂದು ಹೇಳುವುದಕ್ಕೆ. 1925ರಲ್ಲಿ ಭೌತವಿಜ್ಞಾನಿಗಳಾದ ಉಲೆನ್‌ಬೆಕ್ ಮತ್ತು ಗೌಡ್‌ಸ್ಮಿಟ್ ಸ್ಪಿನ್ ವಿಚಾರ ಎತ್ತಿದಾಗಲೇ ಹಿರಿಯ ವಿಜ್ಞಾನಿ ಲೊರೆಂಟ್ಸ್ ಲೆಕ್ಕ ಹಾಕಿ ಹೇಳಿದ್ದರು: ನಿಜಕ್ಕೂ ಸುತ್ತುವುದಾದರೆ ಎಲೆಕ್ಟ್ರಾನಿನ ಮೈ ಬೆಳಕಿಗಿಂತ ಜೋರಾಗಿ ಓಡಬೇಕಾಗುತ್ತದೆ. ಪುಟ್ಟ ಅಯಸ್ಕಾಂತ ಅನ್ನಿ, ನಿಮ್ಮ ಕೆಲಸ ನಡೆಯುತ್ತದೆ.

ಮೂರನೇ ಪುಟದ ಕೊನೆಯಲ್ಲಿ ಒಂದು ಸಾಲಿದೆ: ‘ಇದಕ್ಕೆ ಶುದ್ಧ ಸಿಲಿಕಾನ್ ಬಳಸುತ್ತಾರೆ.’ ಅಯ್ಯೋ, ಕಥೆ ಇರುವುದೇ ಅಲ್ಲಿ! ಎಂಥ ಶುದ್ಧ? ಮಾಮೂಲಿ ಚಿಪ್‌ನ ಸಿಲಿಕಾನ್ ಕೂಡ ಶುದ್ಧವೇ ಅಲ್ವಾ? ಆದರೆ ಅದರಲ್ಲಿ 100ಕ್ಕೆ ಸುಮಾರು 5 ಪರಮಾಣುಗಳು ಸಿಲಿಕಾನ್-29, ಅಂದರೆ ತುಸು ಭಾರದ ಸಿಲಿಕಾನ್. ಅವುಗಳ ನ್ಯೂಕ್ಲಿಯಸ್‌ಗೂ ಸ್ಪಿನ್ ಇದೆ, ಅವು ಸುಮ್ನೆ ಕೂರುವುದಿಲ್ಲ. ಮಗ್ಗಿ ಒಪ್ಪಿಸುವ ಮಗುವಿನ ಪಕ್ಕ ನಾಲ್ಕು ಜನ ಪಿಸುಗುಟ್ಟಿದರೆ ಏನಾಗುತ್ತದೋ, ನಮ್ಮ ಎಲೆಕ್ಟ್ರಾನಿಗೂ ಅದೇ ಆಗುತ್ತದೆ. ಅದಕ್ಕಿಂತ ಹಗುರವಾದ ಸಿಲಿಕಾನ್-28ರ ನ್ಯೂಕ್ಲಿಯಸ್‌ಗೆ ಸ್ಪಿನ್ ಇಲ್ಲ. ಅದನ್ನೇ ಬೇರ್ಪಡಿಸಿ ತೆಗೆದ ಹರಳಿನಲ್ಲಿ, ರಂಜಕದ ಪರಮಾಣುಗಳಿಗೆ ಅಂಟಿಕೊಂಡ ಎಲೆಕ್ಟ್ರಾನುಗಳು ತಮ್ಮ ಕ್ವಾಂಟಮ್ ಸ್ಥಿತಿಯನ್ನು ಸೆಕೆಂಡುಗಟ್ಟಲೆ ಉಳಿಸಿಕೊಂಡದ್ದು 2012ರಲ್ಲಿ ವರದಿಯಾಯಿತು. ಈ ಲೋಕದಲ್ಲಿ ಒಂದು ಸೆಕೆಂಡ್ ಅಂದರೆ ಬಹಳ ದೊಡ್ಡ ಹೊತ್ತು.

ಇನ್ನೊಂದು ತೂತು. ಸ್ಪಿನ್ ‘ಓದುತ್ತಾರೆ’ ಎಂದು ಬರೆದು ದಾಟಿಬಿಟ್ಟಿದ್ದೀರಿ. ಹೇಗೆ ಓದುತ್ತಾರೆ? ಒಂದೇ ಎಲೆಕ್ಟ್ರಾನಿನ ಅಯಸ್ಕಾಂತ ನೇರವಾಗಿ ಅಳೆಯಲು ತೀರಾ ಸಣ್ಣದು. ಅದಕ್ಕೊಂದು ಉಪಾಯ ಇದೆ. ಕಾಂತಕ್ಷೇತ್ರದಲ್ಲಿ ಒಂದು ದಿಕ್ಕಿನ ಸ್ಪಿನ್ನಿಗೆ ಶಕ್ತಿ ತುಸು ಜಾಸ್ತಿ. ಆ ಸ್ಪಿನ್ ಇದ್ದರೆ ಮಾತ್ರ ಎಲೆಕ್ಟ್ರಾನ್ ಹೊಸ್ತಿಲು ದಾಟುವಂತೆ ವೋಲ್ಟೇಜ್ ಇಡುತ್ತಾರೆ. ಹೊರಗೆ ಹೋಯಿತೋ ಇಲ್ಲವೋ ಎಂಬುದನ್ನು ಪಕ್ಕದಲ್ಲಿ ಹರಿಯುವ ಕರೆಂಟಿನ ಏರಿಳಿತ ಹೇಳಿಬಿಡುತ್ತದೆ. ನೆದರ್‌ಲ್ಯಾಂಡ್ಸ್‌ನ ಡೆಲ್ಫ್ಟ್‌ನಲ್ಲಿ 2004ರಲ್ಲಿ ಇದನ್ನು ಇನ್ನೊಂದು ಅರೆವಾಹಕವಾದ ಗ್ಯಾಲಿಯಂ ಆರ್ಸೆನೈಡ್‌ನಲ್ಲಿ ಮಾಡಿದರು, ಸಿಡ್ನಿಯವರು 2010ರಲ್ಲಿ ಸಿಲಿಕಾನ್‌ನಲ್ಲಿ. ನಿಮ್ಮ ಓದುಗರು ಕುರ್ಚಿ ತುದಿಗೆ ಬರುವುದು ಇಲ್ಲಿ, ‘ಭವಿಷ್ಯ ಬೆರಗಿನದು’ ಎಂಬ ಸಾಲಿಗಲ್ಲ.

ವಜ್ರದ ಭಾಗ ಚೆನ್ನಾಗಿದೆ, ಬೇರೆ ಲೇಖನಕ್ಕೆ ಎತ್ತಿಡಿ. ಉಳಿದದ್ದನ್ನು ಅರ್ಧಕ್ಕೆ ಇಳಿಸಿ, ಸಿಲಿಕಾನ್-29ರ ಗಲಾಟೆಯಿಂದಲೇ ಶುರು ಮಾಡಿ ಮತ್ತೆ ಕಳಿಸಿ.

ಹಾಂ, ಎಲೆಕ್ಟ್ರಾನಿಗೆ ‘ಋಣಕಣ’ ಬೇಡ. ಜನ ಸಾಲದ ಲೇಖನ ಅಂದುಕೊಂಡಾರು.