ಥ್ಯಾಂಕ್ಸ್ ಬರೆಯೋ ನೋಟ್‌ಬುಕ್ಕು, ಬರದೇ ಇರೋ ಸಂತೋಷ

(ಗುರುತು ಸಿಗಬಾರ್ದು ಅಂತ ವಯಸ್ಸು, ಮನೆ ವಿವರ ಎಲ್ಲ ಬದಲಾಯಿಸಿದೀನಿ, ಅವರ ಒಪ್ಪಿಗೆ ತಗೊಂಡೇ ಬರೀತಿರೋದು.)

ನನ್ನ ಹತ್ರ ಕೌನ್ಸೆಲಿಂಗ್‌ಗೆ ಬಂದವರು ನಲವತ್ತರ ಆಸುಪಾಸಿನ ಹೆಣ್ಮಗಳು, ರಕ್ಷಣೆ ಹೊಂದಿ (ಅಂದ್ರೆ ಯೇಸುವನ್ನ ನಂಬಿ ಪಾಪದಿಂದ ಬಿಡುಗಡೆ ಪಡೆದು) 18 ವರ್ಷ ಆಗಿದೆ, ಸಭೆಯಲ್ಲಿ, ಅಂದ್ರೆ ಚರ್ಚಲ್ಲಿ, ಸಂಡೇ ಸ್ಕೂಲ್ ಟೀಚರ್. ಕೂತ್ಕೊಳ್ಳೋ ಮುಂಚೆನೇ ಕೇಳಿದ್ರು, "ಮೇಡಂ, ನನಗೆ ರಕ್ಷಣೆ ನಿಜವಾಗ್ಲೂ ಆಗಿದ್ಯಾ? ಆಗಿದ್ರೆ ಸಂತೋಷ ಯಾಕಿಲ್ಲ?"

ಜೊತೆಗೆ ಒಂದು ನೋಟ್‌ಬುಕ್ ತಂದಿದ್ರು. ದಿನಾ ಮೂರು ವಿಷಯಕ್ಕೆ ದೇವರಿಗೆ ಸ್ತೋತ್ರ ಬರೀಬೇಕು ಅಂತ ಯಾರೋ ಹೇಳಿದ್ರಂತೆ, ಒಂದು ದಿನಾನೂ ತಪ್ಪಿಸಿಲ್ಲ. ಪುಟ ತಿರುವಿದೆ, ಆರೋಗ್ಯ, ಕುಟುಂಬ, ರಕ್ಷಣೆ. ಮಾರನೇ ದಿನಾನೂ ಅದೇ. ಸ್ವಲ್ಪ ದಿನ ಆದ್ಮೇಲೆ 'ರಕ್ಷಣೆ' ಅನ್ನೋದು ಬರೀ 'ರ' ಆಗೋಗಿದೆ. ಎಂಟು ತಿಂಗಳ ಹಿಂದೆ ಅವರ ತಮ್ಮ ತೀರಿಕೊಂಡಿದ್ರು, ಆ ತಾರೀಕಿನ ಪುಟ ಹುಡುಕಿ ನೋಡಿದ್ರೆ ಅಲ್ಲೂ ಅದೇ ಕೈಬರಹ, ಆರೋಗ್ಯ, ಕುಟುಂಬ, ರ.

"ಅವತ್ತು ಅತ್ರಾ?" ಅಂದೆ. ಇಲ್ವಂತೆ. ವಿಶ್ವಾಸಿ ಅಳ್ತಾ ಕೂತ್ರೆ ಬೇರೆಯವರ ಮುಂದೆ ನಂಬಿಕೆಯ ಸಾಕ್ಷಿ ಕೆಡುತ್ತೆ ಅಂತ ಎಲ್ಲರನ್ನೂ ಇವರೇ ಸಮಾಧಾನ ಮಾಡಿದ್ದಂತೆ.

ನಿದ್ದೆ, ಊಟದ ಬಗ್ಗೆ ವಿಚಾರಿಸಿದೆ. ಬೆಳಗಿನ ಜಾವ ಮೂರಕ್ಕೇ ಎಚ್ಚರ, ತೂಕ ಇಳಿದಿದೆ, ಯಾವುದರಲ್ಲೂ ಆಸಕ್ತಿ ಇಲ್ಲ. ಹಿಂಗೆ ಎರಡು ವಾರಕ್ಕಿಂತ ಜಾಸ್ತಿ ನಡೀತಿದ್ರೆ ಡಿಪ್ರೆಶನ್ ಇದ್ಯಾ ಅಂತ ನೋಡಿಸಲೇಬೇಕು, ಇವರದ್ದು ತಿಂಗಳುಗಟ್ಟಲೆ, ಹಾಗಾಗಿ ಮೊದಲು ಸೈಕಿಯಾಟ್ರಿಸ್ಟ್ ಹತ್ರ ಕಳಿಸಿದೆ. "ಪ್ರಾರ್ಥನೆ ಸಾಕಾಗಲ್ವಾ?" ಅಂದ್ರು. ಪ್ರವಾದಿ ಎಲೀಯ ಸಾಯ್ತೀನಿ ಅಂತ ಗಿಡದ ಕೆಳಗೆ ಮಲಗಿದಾಗ ದೇವದೂತ ಬಂದು ಬೋಧನೆ ಮಾಡ್ಲಿಲ್ಲ, ಎಬ್ಬಿಸಿ ಊಟ ಕೊಟ್ಟ, ಮತ್ತೆ ಮಲಗೋಕೆ ಬಿಟ್ಟ, ಇನ್ನೊಂದ್ಸಲ ಊಟ ಕೊಟ್ಟ, ಬೈಬಲ್‌ನ 1 ಅರಸುಗಳು 19ರಲ್ಲೇ ಇದೆಯಲ್ಲ ಅಂದೆ. ಸಂಡೇ ಸ್ಕೂಲಲ್ಲಿ ಆ ಕಥೆ ಎಷ್ಟೋ ಸಲ ಹೇಳಿದೀನಿ ಅಂತ ಮೊದಲ ಸಲ ಸ್ವಲ್ಪ ನಕ್ರು.

ಆಮೇಲೆ ಅಸಲು ವಿಷಯ. ಇವರು ಸಂತೋಷವನ್ನ ರಕ್ಷಣೆಯ ರಸೀದಿ ಮಾಡ್ಕೊಂಡಿದ್ರು, ದಿನಾ ಬೆಳಿಗ್ಗೆ ಎದ್ದು ರಸೀದಿ ಇದ್ಯಾ ಅಂತ ಜೇಬು ತಡಕಾಡೋದು. ಎಫೆಸ 2:8ರಲ್ಲಿ ರಕ್ಷಣೆ ಕೃಪೆಯಿಂದ, ದೇವರ ವರ ಅಂತಿದೆ, ನಿಮ್ಮ ಮೂಡ್‌ನಿಂದ ಅಂತ ಇಲ್ಲ. ಶಿಷ್ಯರು ದೆವ್ವಗಳೂ ನಮ್ಮ ಮಾತು ಕೇಳ್ತವೆ ಅಂತ ಕುಣಿದಾಡ್ಕೊಂಡು ಬಂದಾಗ ಯೇಸು ಅದಕ್ಕಲ್ಲ, ನಿಮ್ಮ ಹೆಸರು ಪರಲೋಕದಲ್ಲಿ ಬರೆದಿರೋದಕ್ಕೆ ಸಂತೋಷಪಡಿ ಅಂದಿದ್ದು ಲೂಕ 10ರಲ್ಲಿದೆ. ಆ ಹೆಸರು ನೀವು ಅಳೋ ದಿನ ಅಳಿಸಿ ಹೋಗಲ್ಲ ಅಂದೆ.

"ಆದ್ರೆ ಎಲ್ಲಾದರಲ್ಲಿಯೂ ಕೃತಜ್ಞತಾಸ್ತುತಿ ಮಾಡಬೇಕಲ್ವಾ?"

ಹೌದು, ಎಲ್ಲಾದರಲ್ಲಿಯೂ, ಎಲ್ಲಾದಕ್ಕೂ ಅಂತಲ್ಲ ಅಂದೆ. ದುಃಖದ ಒಳಗಿದ್ದುಕೊಂಡೂ ದೇವರ ಕಡೆ ತಿರುಗಬಹುದು, ತಮ್ಮ ಸತ್ತಿದ್ದು ಒಳ್ಳೇದಾಯ್ತು ಅನ್ನಬೇಕಾಗಿಲ್ಲ. (ಎಲ್ಲಾ ವಿಷಯಗಳಿಗೋಸ್ಕರ ಸ್ತೋತ್ರ ಮಾಡಿ ಅನ್ನೋ ಎಫೆಸ 5:20 ತೋರಿಸಿ ವಾದ ಮಾಡೋರಿದ್ದಾರೆ, ಮಾಡ್ಲಿ, ದುಃಖದಲ್ಲಿರೋರ ಮುಂದೆ ಮಾತ್ರ ಬೇಡ.) ಸತ್ತ ಗೆಳೆಯ ಲಾಜರನ ಸಮಾಧಿ ಹತ್ರ ಯೇಸುವೇ ಅತ್ತಿದ್ದಾನೆ, ಇನ್ನು ಸ್ವಲ್ಪ ಹೊತ್ತಲ್ಲಿ ಅವನನ್ನ ಬದುಕಿಸಿ ಎಬ್ಬಿಸ್ತೀನಿ ಅಂತ ಗೊತ್ತಿದ್ದೂ.

ನಾನು ಕೊಟ್ಟ ಸಲಹೆ ಇಷ್ಟೇ. ಮೂರು ವಿಷಯದ ಲೆಕ್ಕ ನಿಲ್ಸಿ. ಒಂದು ತಿಂಗಳು ಬೈಬಲ್‌ನ ಕೀರ್ತನೆ 13 ಓದಿ, ಆರೇ ವಚನ, ಮೊದಲ ಎರಡರಲ್ಲೇ ಇನ್ನೂ ಎಲ್ಲೀವರೆಗೆ ಅಂತ ಕೀರ್ತನೆಗಾರ ನಾಲ್ಕು ಸಲ ದೇವರನ್ನ ಕೇಳ್ತಾನೆ, ಹಾಡೋದು ಕೊನೇಲಿ. ನೀವು ಎಷ್ಟನೇ ವಚನದಲ್ಲಿದೀರೋ ಅಲ್ಲೇ ನಿಂತ್ಕೊಳ್ಳಿ, ಆರಕ್ಕೆ ಓಡಬೇಡಿ. 88ನೇ ಕೀರ್ತನೆ ಅಂತೂ ಕತ್ತಲಲ್ಲೇ ಮುಗಿಯುತ್ತೆ, ಅದೂ ಪ್ರಾರ್ಥನೆನೇ. ಬರೀಬೇಕು ಅನ್ನಿಸಿದ್ರೆ ಒಂದೇ ಒಂದು ಬರೀರಿ, ಅದು ಅವತ್ತೇ ಕಣ್ಣಾರೆ ಕಂಡಿದ್ದಾಗಿರಬೇಕು. ಸಂಡೇ ಸ್ಕೂಲಿಗೆ ಸ್ವಲ್ಪ ದಿನ ರಜೆ ಹಾಕಿ, ಪಾಸ್ಟರಿಗೆ ನಿಜ ಹೇಳಿ.

ಆರನೇ ಸಲ ಬಂದಾಗ ನೋಟ್‌ಬುಕ್ ಮತ್ತೆ ತಂದಿದ್ರು. ಮಾತ್ರೆ ನಡೀತಿದೆ, ನಿದ್ದೆ ಬೆಳಗಿನ ಜಾವ ಐದರವರೆಗೂ ಬರ್ತಿದೆ, ಸಂತೋಷ ಅಂತ ಹೇಳೋಕಾಗಲ್ಲ ಮೇಡಂ, ಹಾಡುವಾಗ ಗಂಟಲು ಬಿಗಿಯೋದು ಕಮ್ಮಿಯಾಗಿದೆ ಅಂದ್ರು. ಎಷ್ಟೋ ಪುಟ ಖಾಲಿ. ಒಂದು ಪುಟದಲ್ಲಿ ಮಾತ್ರ, ಶಾಯಿ ಅಲ್ಲಲ್ಲಿ ಕದಡಿಹೋಗಿ: "ದೇವರೇ, ಅವನನ್ನ ಕರ್ಕೊಂಡಿದ್ದಕ್ಕೆ ಸ್ತೋತ್ರ ಹೇಳೋಕೆ ನನ್ನ ಕೈಲಿ ಆಗಲ್ಲ. ಅವನು ಶಿಳ್ಳೆ ಹಾಕ್ಕೊಂಡು ಮೆಟ್ಟಿಲು ಹತ್ತಿ ಬರ್ತಿದ್ನಲ್ಲ, ಅದಕ್ಕೆ ಸ್ತೋತ್ರ."