ಓದುಗರ ಪ್ರಶ್ನೆ: ಮೇಷ್ಟ್ರಿಗೆ ಸನ್ಮಾನ ಮಾಡಿ, ಪ್ಯಾನ್‌ಗೆ ಕುಂಕುಮ ಬೇಡ

ಪ್ರಶ್ನೆ: ಕೆರಿಬಿಯನ್ ದ್ವೀಪ ಟ್ರಿನಿಡಾಡ್‌ನಿಂದ ಬಂದು ಇಲ್ಲೇ ನೆಲೆಸಿರುವ ಮೇಷ್ಟ್ರೊಬ್ಬರು ಎಣ್ಣೆ ಡ್ರಮ್ಮಿನ ತಗಡಿನಿಂದ ಸ್ಟೀಲ್‌ಪ್ಯಾನ್ ಎಂಬ ವಾದ್ಯ ಮಾಡುತ್ತಾರೆ, ನಮ್ಮ ಕನ್ನಡ ಮಕ್ಕಳಿಗೂ ಕಲಿಸುತ್ತಾರೆ. ಆಗಸ್ಟ್ 11ರ ವಿಶ್ವ ಸ್ಟೀಲ್‌ಪ್ಯಾನ್ ದಿನದಂದು ಅವರಿಗೆ ಸನ್ಮಾನ ಇಟ್ಟುಕೊಂಡಿದ್ದೇವೆ. ಅವರ ಟೆನರ್ ಪ್ಯಾನ್‌ಗೆ (ಎತ್ತರದ ಸ್ವರಗಳ ಪ್ಯಾನ್) ಅರಿಸಿನ ಕುಂಕುಮ ಹಚ್ಚಿ, ನಡುವೆ ಹೆಸರು ಕೆತ್ತಿಸೋಣವೆಂದಿದ್ದೇವೆ. ಸರಿಯೇ?
— ಓದುಗರೊಬ್ಬರು, ವಾಸ್ಕೊ, ಗೋವಾ

ಉತ್ತರ: ಸನ್ಮಾನ ಖಂಡಿತ ಮಾಡಿ. ಕೆತ್ತನೆ, ಕುಂಕುಮ ಎರಡೂ ಬೇಡ. 208 ಲೀಟರಿನ ಡ್ರಮ್ಮಿನ ತಳವನ್ನು ಸುತ್ತಿಗೆಯಿಂದ ಬಡಿದು ಸುಮಾರು 20 ಸೆಂ.ಮೀ. ತಗ್ಗಿಸಿ, ಸ್ವರದ ಮನೆಗಳನ್ನು (ಒಂದೊಂದು ಸ್ವರ ನುಡಿಯುವ ಜಾಗಗಳನ್ನು) ಗುರುತಿಸಿ, ಬೆಂಕಿಯಲ್ಲಿ ಕಾಯಿಸಿ, ಕೊನೆಗೆ ಸಣ್ಣ ಸುತ್ತಿಗೆಯಲ್ಲಿ ಶ್ರುತಿ ಕೂಡಿಸಿದ ಮುಖ ಅದು. ಪ್ರತಿ ಮನೆಯಿಂದಲೂ ಮೂಲಸ್ವರದ ಜೊತೆ ಅದರ ತಾರಸ್ವರವೂ ಹೊರಡಬೇಕು. ಟೆನರ್‌ನ ನಡುಭಾಗದಲ್ಲೂ ಸ್ವರಗಳಿವೆ. ಅಲ್ಲಿ ಕೆತ್ತಿದರೆ ತಗಡಿನ ಬಿಗುವು ಬದಲಾಗಿ ಅಕ್ಕಪಕ್ಕದ ಮನೆಗಳೂ ಕೆಡುತ್ತವೆ. ಹೆಸರು ಹಾಕಲೇಬೇಕೆಂದರೆ ಸ್ಟ್ಯಾಂಡಿಗೆ ಹಾಕಿ.

ನಿಮ್ಮಲ್ಲಿ ಆಗಸ್ಟ್ ಎಂದರೆ ಮಳೆ, ಜೊತೆಗೆ ಉಪ್ಪುಗಾಳಿ. ಒದ್ದೆ ಕುಂಕುಮ, ಹೂವಿನ ನೀರು ಮುಖದ ಮೇಲೆ ನಿಂತರೆ, ಕ್ರೋಮ್ ಲೇಪ ಸವೆದ ಕಡೆಯೆಲ್ಲ ತುಕ್ಕು ಹಿಡಿಯುತ್ತದೆ. ಹೂವನ್ನು ಸ್ಟ್ಯಾಂಡಿನ ಕಾಲ ಬಳಿ ಇಡಿ. ನುಡಿಸಿದ ಮೇಲೆ ಒಣ ಹತ್ತಿ ಬಟ್ಟೆಯಲ್ಲಿ ಒರೆಸಿ.

ಪ್ಯಾನ್ ಅನ್ನು ಮೇಜಿನ ಮೇಲೆ ಇಡಬೇಡಿ, ದನಿ ಸಾಯುತ್ತದೆ. ಸ್ಟ್ಯಾಂಡಿಗೆ ದಾರದಲ್ಲಿ ತೂಗಲಿ. ಬಿಸಿಲು ಅಥವಾ ಬಿಸಿ ದೀಪ ಹತ್ತಿರವಿದ್ದರೆ ಉಕ್ಕು ಕಾದು ಶ್ರುತಿ ಇಳಿಯುತ್ತದೆ. ಮುಖ್ಯ ಅತಿಥಿಗಳ ಕೈಯಲ್ಲಿ ಪ್ಯಾನ್ ಬಾರಿಸಿ ಉದ್ಘಾಟಿಸುವುದಾದರೆ ಟೆನರ್‌ನದೇ ರಬ್ಬರ್ ತುದಿಯ ಕೋಲು ಕೊಡಿ, ಮೆಲ್ಲಗೆ ಎಂದು ಮೊದಲೇ ಹೇಳಿ. ಒಂದು ಜೋರು ಪೆಟ್ಟು ಸಾಕು, ಮೇಷ್ಟ್ರು ಮತ್ತೆ ಶ್ರುತಿಗೆ ಕೂರಬೇಕಾಗುತ್ತದೆ.

ಪ್ರಶ್ನೆ: ಕೂಡಿದ ಹಣದಲ್ಲಿ ಬೆಳ್ಳಿಯ ಸ್ಮರಣಿಕೆ ಕೊಡಬಹುದೇ? ಮಾನಪತ್ರದಲ್ಲಿ ಏನಿರಲಿ?

ಉತ್ತರ: ಬೆಳ್ಳಿಗಿಂತ, ಹೊಸ ಪ್ಯಾನ್ ಮಾಡಲು ಡ್ರಮ್ ಕೊಡಿ. ಸುಮಾರು 1.2 ಮಿ.ಮೀ. ದಪ್ಪದ ತಗಡು, ತಳದಲ್ಲಿ ನೆಗ್ಗು, ತುಕ್ಕು ಇರಬಾರದು. ಆರಿಸುವುದನ್ನು ಅವರಿಗೇ ಬಿಡಿ. ಕೀಟನಾಶಕ, ಪೇಂಟ್ ತುಂಬಿದ್ದ ಹಳೆಯ ಡ್ರಮ್ ಅಗ್ಗವಾದರೂ ಬೇಡವೇ ಬೇಡ: ಕಾಯಿಸುವಾಗ ಏಳುವ ಹೊಗೆ ವಿಷ. ಉಳಿದ ಹಣವನ್ನು ಮಕ್ಕಳ ಪ್ಯಾನ್‌ಗಳ ಶ್ರುತಿ ಖರ್ಚಿಗೆ ಎತ್ತಿಡಿ, ಆ ದುಡಿಮೆಗೆ ಅವರಿಗೆ ಸರಿಯಾದ ಕೂಲಿ ಸಿಗಲಿ. ಬಿಟ್ಟಿಯಾಗಿ ಮಾಡಿಸಿಕೊಂಡು ಶಾಲು ಹೊದಿಸುವುದು ಗೌರವವಲ್ಲ.

ಮಾನಪತ್ರದಲ್ಲಿ ‘ಕಲಾಸೇವೆ’ ಎಂದಷ್ಟೇ ಬರೆದು ಬಿಡಬೇಡಿ. ಎಷ್ಟು ಪ್ಯಾನ್ ಮಾಡಿದರು, ಯಾವ ಯಾವ ಬಗೆ, ಯಾರಿಗೆ ಕಲಿಸಿದರು, ಅವರಿಗೆ ಕಲಿಸಿದವರು ಯಾರು ಎಂಬುದೆಲ್ಲ ಬರಲಿ. ಟ್ರಿನಿಡಾಡ್‌ನ ಎಲ್ಲೀ ಮ್ಯಾನೆಟ್ 1967ರಲ್ಲಿ ಅಮೆರಿಕಕ್ಕೆ ಹೋಗಿ ಅಲ್ಲೇ ನೆಲೆಸಿ ಪ್ಯಾನ್ ಮಾಡಿದರು, ವೆಸ್ಟ್ ವರ್ಜೀನಿಯಾ ವಿಶ್ವವಿದ್ಯಾಲಯದಲ್ಲಿ ಕಲಿಸಿದರು. 1999ರಲ್ಲಿ ಆ ದೇಶ ಅವರಿಗೆ ಜನಪದ, ಸಾಂಪ್ರದಾಯಿಕ ಕಲೆಗಳಿಗೆ ಕೊಡುವ ನ್ಯಾಷನಲ್ ಹೆರಿಟೇಜ್ ಫೆಲೋಶಿಪ್ ಗೌರವ ಕೊಟ್ಟಿತು. ನಿಮ್ಮ ಮೇಷ್ಟ್ರದೂ ಅದೇ ಪರಂಪರೆ ಎಂದು ಒಂದು ಸಾಲು ಸೇರಿಸಿ. ಪತ್ರ ಕನ್ನಡದಲ್ಲಿರಲಿ, ಶಿಷ್ಯರಲ್ಲೊಬ್ಬರು ಅದನ್ನು ಅವರಿಗೆ ಇಂಗ್ಲಿಷಿನಲ್ಲಿ ಓದಿ ಹೇಳಲಿ. ಅಚ್ಚಿಗೆ ಕೊಡುವ ಮುನ್ನ ಹೆಸರಿನ ಉಚ್ಚಾರ ಅವರ ಬಾಯಿಂದಲೇ ಕೇಳಿಕೊಳ್ಳಿ.