ಗೆದ್ದವರೇ ದಂಡ ಕಟ್ಟಿದ್ರು (ಓದುಗರು ಕೇಳಿದ್ದು)

ಪ್ರಶ್ನೆ: ಹೈಟಿ ಅಂದ್ರೆ ಭೂಕಂಪ, ಬಡತನ ಇಷ್ಟೇ ಸುದ್ದಿ. ಆದ್ರೆ ಗುಲಾಮರೇ ದಂಗೆ ಎದ್ದು ಕಟ್ಕೊಂಡ ದೇಶ ಅದು ಅಂತಾರೆ, ನಿಜಾನಾ? ಹಂಗಿದ್ರೆ ಈ ಗತಿ ಯಾಕೆ ಬಂತು?
– ಓದುಗರೊಬ್ಬರು, ದಾವಣಗೆರೆ

ಉತ್ತರ: ನಿಜಾನೇ ಸರ್. ಆಗ ಅದು ಫ್ರೆಂಚರ ವಸಾಹತು, ಸಕ್ಕರೆ ಕಾಫಿ ಬೆಳೆದು ಫ್ರಾನ್ಸಿಗೆ ಬೇರೆಲ್ಲೂ ಸಿಗದಷ್ಟು ದುಡ್ಡು ತರ್ತಿತ್ತು. ಸುಮಾರು 5 ಲಕ್ಷ ಗುಲಾಮರು, ಕಬ್ಬಿನ ತೋಟದಲ್ಲಿ ಎಷ್ಟು ಬೇಗ ಸಾಯ್ತಿದ್ರು ಅಂದ್ರೆ ಆಫ್ರಿಕಾದಿಂದ ಹಡಗು ತುಂಬಾ ಹೊಸಬರನ್ನ ತರ್ತಾನೇ ಇರ್ಬೇಕಿತ್ತು. 1791ರ ಆಗಸ್ಟಲ್ಲಿ ಉತ್ತರದ ಕಡೆ ತೋಟಗಳಿಗೆ ಬೆಂಕಿ ಬಿತ್ತು, ಆಮೇಲೆ ನಿಲ್ಲಲೇ ಇಲ್ಲ. ತೂಸೆಂ ಲೂವರ್ತೂರ್ ಅಂತ ಒಬ್ಬ, ತಾನೂ ಒಂದು ಕಾಲದ ಗುಲಾಮನೇ, ಈ ಜನರನ್ನ ಸೇರಿಸ್ಕೊಂಡು ಸೈನ್ಯ ಕಟ್ಟಿದ. 1794ರಲ್ಲಿ ಫ್ರಾನ್ಸೇ ಗುಲಾಮಗಿರಿ ರದ್ದು ಮಾಡ್ತು. ನೆಪೋಲಿಯನ್ ಬಂದ್ಮೇಲೆ ಫ್ರೆಂಚರದ್ದೇ ಇನ್ನೊಂದು ವಸಾಹತು ಗ್ವಾಡೆಲೂಪ್ ದ್ವೀಪದಲ್ಲಿ ಅದನ್ನೇ ವಾಪಸ್ ತಂದ, ಇಲ್ಲಿಗೂ ದೊಡ್ಡ ಸೈನ್ಯ ಕಳಿಸಿದ, ತೂಸೆಂನ ಮಾತುಕತೆಗೆ ಅಂತ ಕರೆದು ಹಿಡಿದು ಫ್ರಾನ್ಸಿಗೆ ಸಾಗಿಸಿದ್ರು, 1803ರಲ್ಲಿ ಚಳಿ ಕೊರೆಯೋ ಕೋಟೆಯ ಜೈಲಲ್ಲೇ ಸತ್ತ. ಆದ್ರೆ ಗ್ವಾಡೆಲೂಪ್ ಸುದ್ದಿ ಕೇಳಿದ ಜನ ಮತ್ತೆ ತಿರುಗಿಬಿದ್ರು, ಫ್ರೆಂಚ್ ಸಿಪಾಯಿಗಳು ಹಳದಿ ಜ್ವರಕ್ಕೂ (ಯೆಲ್ಲೋ ಫೀವರ್) ಸಾವಿರಗಟ್ಟಲೆ ಸತ್ರು, 1804ರ ಜನವರಿ 1ಕ್ಕೆ ತೂಸೆಂನ ಸೇನಾಪತಿಯಾಗಿದ್ದ ದೆಸಾಲಿನ್ ಸ್ವಾತಂತ್ರ್ಯ ಘೋಷಿಸಿದ. (ಅದೇ ವರ್ಷ ಅಲ್ಲೇ ಉಳಿದಿದ್ದ ಫ್ರೆಂಚರನ್ನೂ ಕೊಲ್ಲಿಸಿದ, ಹೀರೋ ಅಂತ ಅದನ್ನ ಮುಚ್ಚಿಡೋದು ಬೇಡ.)

ಈಗ ಬಡತನದ ವಿಷ್ಯ. 1825ರಲ್ಲಿ ಫ್ರಾನ್ಸಿನ ರಾಜ 10ನೇ ಚಾರ್ಲ್ಸ್ ಯುದ್ಧದ ಹಡಗುಗಳನ್ನ ಕಳಿಸಿ, ನಿಮ್ಮನ್ನ ದೇಶ ಅಂತ ಒಪ್ತೀವಿ ಆದ್ರೆ 15 ಕೋಟಿ ಫ್ರಾಂಕ್ ಕೊಡಿ ಅಂದ, ಯಾಕಂದ್ರೆ ತೋಟದ ಮಾಲೀಕರಿಗೆ ಲಾಸ್ ಆಗಿದೆಯಂತೆ! ಆ ಲಾಸಲ್ಲಿ ಗುಲಾಮರೂ ಸೇರಿದ್ರು, ಅಂದ್ರೆ ಈ ಜನ ತಮ್ಮ ಮೈಗೆ ತಾವೇ ಬೆಲೆ ತೆರ್ಬೇಕು. ಮೊದಲ ಕಂತಿಗೂ ಕೈಲಿ ಕಾಸಿಲ್ದೆ ಪ್ಯಾರಿಸ್ಸಲ್ಲೇ ಸಾಲ ಎತ್ತಿದ್ರು. 1838ರಲ್ಲಿ ಒಟ್ಟು ಮೊತ್ತ 9 ಕೋಟಿಗೆ ಇಳೀತು, ಆದ್ರೂ ಇದಕ್ಕೆ ಅಂತ ಮಾಡಿದ ಸಾಲದ ಬಾಲ ಹರಿದಿದ್ದು 1947ರಲ್ಲಿ. ಪಕ್ಕದಲ್ಲೇ ಇದ್ದ ಅಮೆರಿಕ ಇವರನ್ನ ದೇಶ ಅಂತ ಒಪ್ಪಿದ್ದು 1862ಕ್ಕೆ. ಆಮೇಲೆ ಬಂದ ಸರ್ವಾಧಿಕಾರಿಗಳೂ ದೋಚಿದ್ರು ಅನ್ನಿ, ಆದ್ರೆ ಶುರುವಲ್ಲೇ ಕಾಲಿಗೆ ಕಲ್ಲು ಕಟ್ಟಿದ್ದು ಈ ಸಾಲ.

ಪ್ರಶ್ನೆ: ಬ್ರಿಟಿಷರು ಮಾತ್ರ ಒಳ್ಳೆ ಮನಸ್ಸಿಂದ ಗುಲಾಮಗಿರಿ ನಿಲ್ಸಿದ್ರು ಅಂತ ಓದಿದ್ದೆ?
– ಓದುಗರೊಬ್ಬರು, ಹಾಸನ

ಉತ್ತರ: 1833ರ ಕಾಯ್ದೆ ಬಂತು ನಿಜ, ಅದಕ್ಕಾಗಿ ಅಲ್ಲಿನ ಜನ ವರ್ಷಗಟ್ಟಲೆ ಹೋರಾಡಿದ್ದೂ ನಿಜ, ಬ್ರಿಟಿಷರದ್ದೇ ವಸಾಹತು ಜಮೈಕಾದಲ್ಲಿ 1831ರ ಕ್ರಿಸ್ಮಸ್ ಹೊತ್ತಿಗೆ ಗುಲಾಮರೇ ದಂಗೆ ಎದ್ದಿದ್ದೂ ಅಷ್ಟೇ ನಿಜ. ಆದ್ರೆ ಪರಿಹಾರ 2 ಕೋಟಿ ಪೌಂಡ್ ಯಾರಿಗೆ ಹೋಯ್ತು? ಮಾಲೀಕರಿಗೆ. ಗುಲಾಮರಿಗೆ ನಯಾಪೈಸೆ ಇಲ್ಲ, ಮೇಲಿಂದ 'ಕೆಲಸ ಕಲಿಯೋರು' ಅಂತ ಹೆಸರು ಬದಲಾಯ್ಸಿ 1838ರವರೆಗೂ ಅವರ ಹತ್ರಾನೇ ದುಡಿಸ್ಕೊಂಡ್ರು. ಈ ಪರಿಹಾರಕ್ಕೆ ಅಂತ ಎತ್ತಿದ ಸಾಲವನ್ನ ಬ್ರಿಟನ್ ಪೂರ್ತಿ ತೀರಿಸಿದ್ದು 2015ರಲ್ಲಿ, ಅಂದ್ರೆ ಗುಲಾಮರ ಮೊಮ್ಮಕ್ಕಳ ಮಕ್ಕಳು ಲಂಡನ್ನಲ್ಲಿ ಕಟ್ಟಿದ ಟ್ಯಾಕ್ಸೂ ಅದಕ್ಕೇ ಹೋಗಿದೆ.

ಪ್ರಶ್ನೆ: ನಮ್ಮ ಯಲ್ಲಾಪುರದ ಸಿದ್ದಿಗಳೂ ಇದೇ ಹಡಗುಗಳಲ್ಲಿ ಬಂದೋರಾ?
– ಓದುಗರೊಬ್ಬರು, ಶಿರಸಿ

ಉತ್ತರ: ಇಲ್ಲ, ಆ ಹಡಗುಗಳು ಹೋಗಿದ್ದು ಅಟ್ಲಾಂಟಿಕ್ ದಾಟಿ. ಇವರ ಹಿರಿಯರು ಬಂದಿದ್ದು ಪೂರ್ವ ಆಫ್ರಿಕಾದಿಂದ ಅರಬ್ಬಿ ಸಮುದ್ರದ ದಾರಿಲಿ, ಹೆಚ್ಚಿನವರನ್ನ ಪೋರ್ಚುಗೀಸರು ಗೋವಾಕ್ಕೆ ತಂದ್ರು, ಅಲ್ಲಿಂದ ತಪ್ಪಿಸ್ಕೊಂಡೋರು ಘಟ್ಟದ ಕಾಡು ಸೇರಿದ್ರು. ಉತ್ತರ ಕನ್ನಡದಲ್ಲಿ ಪರಿಶಿಷ್ಟ ಪಂಗಡಕ್ಕೆ ಸೇರಿಸಿದ್ದು 2003ರಲ್ಲಿ, 2020ರಲ್ಲಿ ಶಾಂತಾರಾಮ ಸಿದ್ದಿ ವಿಧಾನ ಪರಿಷತ್ತಿಗೆ ಹೋದ್ರು.